ಅಕ್ಕನ ಬಾಣಂತನದ ಸೌದೆ

ನಾನು ಚಿಕ್ಕವನಿದ್ದಾಗ ನಮ್ಮ ಸುಬ್ರಹ್ಮಣ್ಯಪುರ ಇನ್ನೂ ಹಳ್ಳಿ. ಅವ್ವ ತೀರಿಕೊಂಡಿದ್ದಳು. ಅಕ್ಕ ಮದುವೆಯಾಗಿ ಹೋಗಿದ್ದಳು. ಅಪ್ಪ ಸೊಪ್ಪು ಮಾರಲು ಹೋದರೆ ಮನೆಯಲ್ಲಿ ನಾನೊಬ್ಬನೇ.

ಆ ಬೇಸಿಗೆ ಅಕ್ಕ ಹೆರಿಗೆಗೆ ಬಂದಳು. ಅಪ್ಪ ಹುಣಸೆ ಕೊಂಬೆ ಸೀಳಿ, ಒಣಗಿಸಿ, ಹಿತ್ತಲಲ್ಲಿ ನನ್ನೆತ್ತರಕ್ಕೆ ಪೇರಿಸಿದ್ದ. ಬಾಣಂತಿಗೂ ಕೂಸಿಗೂ ದಿನಾ ಹಂಡೆ ತುಂಬ ನೀರು ಕಾಯಬೇಕು. ಸೌದೆ ಹಸಿಯಾದರೆ ಮನೆಯೆಲ್ಲ ಹೊಗೆ, ಕೂಸಿಗೆ ಆಗದು.

“ಈ ಸೌದೆ ಇರೋವರ್ಗೂ ನಿಮ್ಮಕ್ಕ ಇಲ್ಲೇ ಇರ್ತಾಳೆ. ನೆನೆದುಹೋದ್ರೆ ಅವಳತ್ತೆ ಬಂದು ಕರ್ಕೊಂಡು ಹೋಗ್ತಾರೆ ನೋಡು,” ಎಂದು ಅಪ್ಪ ನಕ್ಕ. ನನಗೆ ನಗು ಬರಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಸೊಪ್ಪು ಮಾರಲು ಮಡಿವಾಳದ ಸಂತೆಗೆ ಹೋಗಿದ್ದಾಗ ಆಕಾಶ ಕಪ್ಪಾಯಿತು. ಕೆಮ್ಮಣ್ಣಿನ ಧೂಳೆದ್ದು ಹಲ್ಲಿನಲ್ಲಿ ಕರಕರ ಅಂದಿತು. ನಾನು ತೆಂಗಿನ ಗರಿಗಳನ್ನೆಳೆದು ಸೌದೆಗೆ ಹೊದಿಸಿ, ಮೇಲೆ ಕಲ್ಲು ಹೇರಿದೆ. ಗಾಳಿ ನುಗ್ಗಿ ಗರಿಗಳನ್ನು ಎಬ್ಬಿಸಿತು. ಕಲ್ಲುಗಳು ಉರುಳಿ ಕಾಲ ಬಳಿಯೇ ಬಿದ್ದವು.

ತುಂಬು ಬಸುರಿ ಅಕ್ಕ ಹಿತ್ತಲ ಬಾಗಿಲು ಹಿಡಿದು ಕೂಗಿದಳು: “ಲೋ ಪೆದ್ದ, ಕಲ್ಲು ಮೇಲಿಡಬೇಡ್ವೋ. ಹಗ್ಗದ ಎರಡು ತುದಿಗೂ ಕಟ್ಟಿ, ಆ ಕಡೆ ಈ ಕಡೆ ಇಳಿಬಿಡು.”

“ನೀನು ಒಳಗೋಗಕ್ಕ, ಜಾರ್ತೀಯ.”

“ನೀನು ಹಾರೋಗ್ದಿದ್ರೆ ಸಾಕು.”

ಬಾವಿ ಹಗ್ಗ, ಎತ್ತಿನ ಹಗ್ಗ ತಂದು ಅಡ್ಡ ಎಸೆದೆ. ಆಲಿಕಲ್ಲು ಬೆನ್ನಿಗೆ ಬಡಿಯುತ್ತಿತ್ತು. ತುದಿಗಳಿಗೆ ಕಲ್ಲು ಕಟ್ಟುವಾಗ ಬೆರಳಲ್ಲಿ ಬಲ ಸಾಲದೆ ಗಂಟನ್ನು ಹಲ್ಲಿನಿಂದ ಬಿಗಿದೆ. ಈ ಸಲ ಗಾಳಿ ಎಷ್ಟು ಎಳೆದರೂ ಗರಿ ಏಳಲಿಲ್ಲ. ಮಳೆ ನಿಂತ ಮೇಲೆ ಒಳಗೆ ಕೈ ತೂರಿಸಿ ಮುಟ್ಟಿದೆ. ಸೌದೆ ಬೆಚ್ಚಗೆ, ಒಣಗಿಯೇ ಇತ್ತು.

ಕೂಸು ಹುಟ್ಟಿತು. ಬೆಳಗಾದರೆ ಅಪ್ಪ ಒಂದು ಹೊರೆ ಎತ್ತಿ ಒಲೆಗೆ ಒಯ್ಯುತ್ತಿದ್ದ. ಸೌದೆ ನನ್ನ ಎದೆಗೆ ಇಳಿಯಿತು, ಸೊಂಟಕ್ಕೆ ಇಳಿಯಿತು. ಗಾಳಿಮಳೆಯಿಂದ ಉಳಿಸಿದ್ದನ್ನು ಒಲೆಯಿಂದ ಉಳಿಸುವ ದಾರಿ ನನಗೆ ತೋಚಲಿಲ್ಲ. ಅಕ್ಕ ಕೂಸನ್ನೆತ್ತಿಕೊಂಡು ಹೋದ ದಿನ ಆ ಜಾಗದಲ್ಲಿ ಗೆದ್ದಲು ಮಣ್ಣು ಮಾತ್ರ ಇತ್ತು. ಅಲ್ಲೇ ಕೂತು ಜೋರಾಗಿ ಪಾಠ ಓದಿಕೊಂಡೆ. ಮನೆಯಲ್ಲಿ ಒಂದು ದನಿಯಾದರೂ ಬೇಕಿತ್ತು. ಹಾಗೆ ಓದಿ ಓದಿಯೇ ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನಾದೆ.

ಈಗ ಮೊಮ್ಮಕ್ಕಳು ನೀವು ಶನಿವಾರ ಬರುತ್ತೀರಿ. ನಲ್ಲಿ ತಿರುಗಿಸಿದರೆ ಬಿಸಿನೀರು, ಮಳೆ ಬಂದರೆ ಕಿಟಕಿ ಹಾಕಿಕೊಂಡು ಟಿವಿ. ಒಳ್ಳೆಯದೇ. ಹೊಗೆಯಲ್ಲಿ ಕಣ್ಣುಜ್ಜುವ ಕಷ್ಟ ನಿಮಗೆ ಬೇಡ. ಭಾನುವಾರ ಸಂಜೆ ನಿಮ್ಮಮ್ಮ ಫೋನ್ ನೋಡಿ “ಕ್ಯಾಬ್ ಬಂತು, ನಡೀರಿ” ಅನ್ನುತ್ತಾಳೆ. ಆಗ ನಾನು ನಿಮ್ಮ ಚಪ್ಪಲಿಗಳನ್ನು ಬೇಕೆಂದೇ ನಿಧಾನವಾಗಿ ಹುಡುಕಿಕೊಡುತ್ತೇನೆ.