ಸಹಿ ಇಲ್ಲದ ಮಾಡ್ಯೂಲ್

೨೦೨೩ರಲ್ಲಿ ನಾನು ಪುತ್ತೂರಿನ ಒಂದು ರಕ್ತಪರೀಕ್ಷಾ ಲ್ಯಾಬಿನ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಸುಳ್ಯ ಮತ್ತು ಕಡಬದಲ್ಲಿ ಲ್ಯಾಬಿನ ಶಾಖೆಗಳಿದ್ದವು, ನೆಟ್ಟಣದಲ್ಲಿ ಸ್ಯಾಂಪಲ್ ತೆಗೆಯುವ ಒಂದು ಕೋಣೆ. ಎಲ್ಲರ ರಿಪೋರ್ಟುಗಳೂ ಒಂದೇ ಕ್ಲೌಡ್ ಸರ್ವರ್‌ನಲ್ಲಿ, ಅಂದರೆ ದೂರದ ಊರಿನಲ್ಲಿ ನಾವು ಬಾಡಿಗೆಗೆ ಪಡೆದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ಕಂಪ್ಯೂಟರಿನಲ್ಲಿ. ಅದರ ಮೇಲೆ ಪೂರ್ಣ ಅಧಿಕಾರ ಕೊಡುವ ಕೀ, ಪಾಸ್‌ವರ್ಡಿನಂಥ ಒಂದು ಗುಪ್ತ ಫೈಲ್, ಇಬ್ಬರ ಬಳಿ ಮಾತ್ರ ಇತ್ತು: ನನ್ನ ಬಳಿ ಮತ್ತು ಸುಳ್ಯ ಶಾಖೆಯ ಬಿಜುವಿನ ಬಳಿ. ಬಿಜು ನೆಲ್ಯಾಡಿಯವನು, ಎರಡು ವರ್ಷದಿಂದ ತಾತ್ಕಾಲಿಕ ನೌಕರ. ಆ ತಿಂಗಳ ಕೊನೆಗೆ ಅವನ ಕೆಲಸ ಕಾಯಂ ಆಗುವುದಿತ್ತು.

ನಾನು ಸ್ವಭಾವತಃ ಅನುಮಾನದವಳು. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುವ ಜಾತಿ. ಈ ಕೆಲಸಕ್ಕೆ ಅದೇ ಅರ್ಹತೆ ಎಂದು ನಂಬಿಕೊಂಡಿದ್ದೆ.

ಹತ್ತು ದಿನ ರಜೆ ಮುಗಿಸಿ ಬಂದವಳು ಸರ್ವರ್ ಪರಿಶೀಲಿಸುತ್ತಿದ್ದಾಗ ಒಂದು ಅಪರಿಚಿತ ಮಾಡ್ಯೂಲ್ ಕಣ್ಣಿಗೆ ಬಿತ್ತು. ಕರ್ನೆಲ್ ಎಂದರೆ ಲಿನಕ್ಸಿನ ತಿರುಳು. ಮಾಡ್ಯೂಲ್ ಎಂದರೆ ಅದರೊಳಗೆ ಸೇರಿಸಬಹುದಾದ ತುಣುಕು. ಒಳಗೆ ಸೇರಿತೆಂದರೆ ಅದು ಏನು ಬೇಕಾದರೂ ಮಾಡಬಹುದು, ಯಾರದೇ ರಿಪೋರ್ಟನ್ನೂ ಕದ್ದು ಓದಬಹುದು. ಫೈಲಿನ ತಾರೀಕು ನಾನು ರಜೆಯಲ್ಲಿದ್ದ ವಾರದ್ದು. ಆ ವಾರ ಸರ್ವರ್ ಮುಟ್ಟಿದವನು ಬಿಜು ಒಬ್ಬನೇ.

ಅವನನ್ನು ಕೇಳಲಿಲ್ಲ. ಕೇಳಿದರೆ ಎಚ್ಚರವಾಗಿ ಗುರುತು ಅಳಿಸಿಬಿಡುತ್ತಾನೆ ಎಂದುಕೊಂಡೆ. ಲ್ಯಾಬಿನ ಮಾಲೀಕರಾದ ಡಾಕ್ಟರಿಗೆ ಮೇಲ್ ಬರೆದೆ: ನಾನು ಹೇಳುವವರೆಗೆ ಬಿಜುವನ್ನು ಕಾಯಂ ಮಾಡಬೇಡಿ.

ಶನಿವಾರ ಸರ್ವರ್‌ಗೆ ಹೊಸ ಕರ್ನೆಲ್ ಕಟ್ಟಲು ಕುಳಿತೆ. ಮೂಲ ಕೋಡ್ ಇಳಿಸಿಕೊಂಡು, ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್ ಎಂಬ ತುಣುಕುಗಳಲ್ಲಿ ನಮಗೆ ಬೇಡದವನ್ನೆಲ್ಲ ತೆಗೆದೆ. ನನ್ನ ಡಿಜಿಟಲ್ ಸಹಿ ಇಲ್ಲದ ಯಾವ ಮಾಡ್ಯೂಲನ್ನೂ ಒಳಗೆ ಬಿಡಬಾರದೆಂಬ ಆಯ್ಕೆಯನ್ನು ಕಡ್ಡಾಯ ಮಾಡಿದೆ. ಎರಡೇ ಕೋರಿನ ಆ ಸಣ್ಣ ಯಂತ್ರದಲ್ಲಿ ಕೋಡನ್ನು ಯಂತ್ರಭಾಷೆಗೆ ತರುವ ಕಂಪೈಲ್ ಕೆಲಸ ಮುಗಿಯಲು ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಸಹಿಯ ಕೀಯನ್ನು ಪೆನ್‌ಡ್ರೈವಿಗೆ ಹಾಕಿ, ಸರ್ವರ್‌ನಿಂದ ಅಳಿಸಿ, ಬ್ಯಾಗಿನ ಒಳಜಿಪ್ಪಿನಲ್ಲಿಟ್ಟೆ. ಭಾನುವಾರ ಬೆಳಿಗ್ಗೆ ರೀಬೂಟ್ ಮಾಡಿದಾಗ ಆ ಅಪರಿಚಿತ ಮಾಡ್ಯೂಲ್ ಹೊರಗೇ ಉಳಿಯಿತು. ಕಳ್ಳ ಸಿಕ್ಕಿಬಿದ್ದಷ್ಟು ಖುಷಿಯಾಯಿತು ನನಗೆ.

ಸೋಮವಾರ ಹನ್ನೊಂದಕ್ಕೆ ಕಡಬ ಶಾಖೆಯ ಟೆಕ್ನಿಷಿಯನ್ ಯಮುನಾ ನೆಟ್ಟಣದ ಕೋಣೆಯಿಂದ ಫೋನ್ ಮಾಡಿದಳು.

"ಅಕ್ಕ, ಇಲ್ಲಿ ರಿಪೋರ್ಟ್ ಓಪನ್ ಆಗುದೇ ಇಲ್ಲ. ಕಿಡ್ನಿ ಪೇಶೆಂಟ್ ಒಬ್ರದ್ದು ಪೊಟ್ಯಾಶಿಯಂ ನೋಡ್ಲಿಕ್ಕೆ ಉಂಟು. ಅವರ ಡಾಕ್ಟ್ರು ಕಾಯ್ತಾ ಇದ್ದಾರೆ."

ಸಂಖ್ಯೆಯನ್ನು ನಾನೇ ಸರ್ವರ್‌ನಿಂದ ನೋಡಿ ಫೋನಿನಲ್ಲಿ ಓದಿ ಹೇಳಿದೆ, ಅವಳು ಎರಡು ಸಲ ತಿರುಗಿ ಓದಿಸಿ ಖಚಿತಪಡಿಸಿಕೊಂಡಳು. ಆಮೇಲೆ ಅಂದಳು: "ಮೊದಲು ಹೀಗೇ ಆಗ್ತಿತ್ತಲ್ಲ ಅಕ್ಕ. ಬಿಜು ಎಂತದೋ ಹಾಕಿದ ಮೇಲೆಯೇ ಸರಿ ಆದದ್ದು."

ಕೂಡಲೇ ಬಿಜುವಿಗೆ ಫೋನ್ ಮಾಡಿದೆ.

"ಆ ಮಾಡ್ಯೂಲಾ? ನೆಟ್ಟಣದಲ್ಲಿ ಸಿಗ್ನಲ್ ಕಡಿಮೆ ಅಲ್ವಾ, ಅಲ್ಲಿಗೆ ಡೇಟಾ ಕಳಿಸುವ ಸ್ಪೀಡನ್ನು ಅದು ಅಡ್ಜಸ್ಟ್ ಮಾಡುದು. ನಿಮಗೆ ವಾಯ್ಸ್ ಮೆಸೇಜ್ ಹಾಕಿದ್ದೆ ಅಕ್ಕ. ಕೇಳ್ಲಿಲ್ವಾ?"

ಕೇಳಿರಲಿಲ್ಲ. ನಮ್ಮಲ್ಲಿ ಕೆಲಸದ ವಿಷಯವೂ ವಾಯ್ಸ್ ಮೆಸೇಜಿನಲ್ಲೇ ಸಾಗುತ್ತದೆ. ಬರೆಯುವುದೆಂದರೆ ಎಲ್ಲರಿಗೂ ಉದಾಸೀನ. ನನಗೋ ಅವನ್ನು ಕೇಳುವುದು ಉದಾಸೀನ. ಹುಡುಕಿದರೆ ಸಿಕ್ಕಿತು: ಎರಡು ನಿಮಿಷ ಹತ್ತು ಸೆಕೆಂಡು. ಮಾಡ್ಯೂಲಿನ ಹೆಸರು, ಕೋಡ್ ಇಟ್ಟ ಜಾಗ, ಬೇಡವೆನಿಸಿದರೆ ತೆಗೆಯುವ ಬಗೆ, ಎಲ್ಲ ಹೇಳಿದ್ದ. ಕೊನೆಯಲ್ಲಿ, "ರಜೆಯಲ್ಲಿ ನಿಮಗೆ ಉಪದ್ರ ಕೊಡುದು ಬೇಡಾಂತ ಫೋನ್ ಮಾಡ್ಲಿಲ್ಲ."

ಮೊದಲು ಹಳೆಯ ಕರ್ನೆಲ್‌ಗೆ ಮರಳಿದೆ. ಐದು ನಿಮಿಷದಲ್ಲಿ ನೆಟ್ಟಣದಲ್ಲಿ ರಿಪೋರ್ಟ್ ತೆರೆದುಕೊಂಡಿತು. ಮಧ್ಯಾಹ್ನವಿಡೀ ಬಿಜುವಿನ ಕೋಡನ್ನು ಸಾಲು ಸಾಲಾಗಿ ಓದಿದೆ. ಅನುಮಾನ ಪಡಲು ಒಂದು ಸಾಲೂ ಸಿಗಲಿಲ್ಲ. ಹೊಸ ಕರ್ನೆಲ್‌ಗೆ ಹೊಂದುವಂತೆ ಅದನ್ನು ಮತ್ತೆ ಕಂಪೈಲ್ ಮಾಡಿ, ನನ್ನ ಸಹಿ ಹಾಕಿ, ಒಳಗೆ ಬಿಟ್ಟುಕೊಂಡೆ. ಡಾಕ್ಟರಿಗೆ ತಪ್ಪು ನನ್ನದೆಂದು ಬರೆದೆ. ಬಿಜುವಿನ ಕೆಲಸ ಕಾಯಂ ಆಯಿತು.

ಆದರೆ ಡಾಕ್ಟರು ಶನಿವಾರವೇ ನನ್ನ ಮೇಲ್ ತೋರಿಸಿ ಅವನನ್ನು ವಿಚಾರಿಸಿದ್ದರೆಂದು ಆಮೇಲೆ ಗೊತ್ತಾಯಿತು. ಸೋಮವಾರ ಫೋನಿನಲ್ಲಿ ಮಾತಾಡುವಾಗ ಅವನಿಗೆ ಎಲ್ಲ ಗೊತ್ತಿತ್ತು. ಆ ವಾರವೇ ಅವನು ಪುತ್ತೂರಿಗೆ ಬಂದಾಗ ಕ್ಷಮೆ ಕೇಳಿದೆ.

"ಪರವಾಗಿಲ್ಲ ಅಕ್ಕ. ಸರ್ವರಿನಿಂದ ನನ್ನ ಕೀ ಮಾತ್ರ ತೆಗೆದುಬಿಡಿ. ಇನ್ನು ಎಂತ ಹಾಳಾದ್ರೂ ನಿಮಗೆ ಮೊದಲು ನೆನಪಾಗುದು ನಾನೇ."

ಇಲ್ಲ ಎನ್ನಲು ಬಾಯಿ ತೆರೆದೆ. ಹಾಗೆ ಹೇಳಿದ್ದರೆ ಸುಳ್ಳಾಗುತ್ತಿತ್ತು. ಅವನು ಪಕ್ಕದಲ್ಲಿ ನಿಂತಿರುವಾಗಲೇ ಅವನ ಕೀ ಅಳಿಸಿದೆ.

ಸರ್ವರ್ ಮೊದಲು ತಡೆಯಬೇಕು, ಆಮೇಲೆ ವಿಚಾರಿಸಬೇಕು. ಅದು ಸರಿಯಾದ ಕ್ರಮ. ಜೊತೆಗೆ ದುಡಿಯುವವರ ವಿಷಯದಲ್ಲೂ ನಾನು ಅದೇ ಕ್ರಮ ಹಿಡಿದದ್ದು ತಪ್ಪು. ಈಗ ಅಪರಿಚಿತ ಫೈಲ್ ಕಂಡರೆ ಮೊದಲು ಫೋನ್ ಮಾಡಿ ಕೇಳುತ್ತೇನೆ. ಬಿಜುವಿಗೆ ಹೊಸ ಕೀ ಕೊಡಲು ಮೂರು ಸಲ ಹೋದೆ. ಮೂರು ಸಲವೂ ನಗುತ್ತಲೇ, "ಬೇಡ ಅಕ್ಕ" ಎಂದ.