ಕಮಾನಿನ ಕೆಳಗೆ ನಡೆದು ಬಂದವನು

ಅರವತ್ತರ ದಶಕದಲ್ಲಿ ನಾನು ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದೆ. ಹಿಮಾಲಯದಿಂದ ಕನ್ಯಾಕುಮಾರಿಗೆ ನಡೆದೇ ಹೊರಟ ಮಹಾಶಯನೊಬ್ಬ ಬರುತ್ತಾನೆಂದು ಸ್ವಾಗತ ಸಮಿತಿಯವರು ಚನ್ನರಾಯಪಟ್ಟಣದ ರಸ್ತೆಗೆ ತೆಂಗಿನ ಗರಿಯ ಕಮಾನು ಕಟ್ಟಿಸಿದರು. ಅರಕಲಗೂಡಿನ ಕಡೆಯಿಂದ ವಾರವಾರ ಹೊರೆ ಹೊತ್ತು ಸಂತೆಗೆ ನಡೆದು ಬರುವವರಿಗೆ ಒಂದು ಲೋಟ ನೀರು ಕೊಡದ ಜನ ಇವರು.

ಮಹಾಶಯ ಹಾಸನದ ರಸ್ತೆಯಿಂದ ಬಂದು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತುಬಿಟ್ಟಿದ್ದ. ಸುದ್ದಿ ತಿಳಿದು ಸಮಿತಿಯ ಅಧ್ಯಕ್ಷರಾದ ರೈಸ್‌ಮಿಲ್ಲಿನ ಸಾಹುಕಾರರು ಸಮಿತಿಯ ನಾಲ್ಕು ಜನರನ್ನು ತುಂಬಿಕೊಂಡು ತಮ್ಮ ಕಾರಿನಲ್ಲಿ ಧಾವಿಸಿದರು.

"ಇದೇನ್ ಸಾ, ಇಂಗ್ ಬಂದ್ಬುಟ್ರಿ? ಕಮಾನು ಆ ಕಡೆ ಅದೆ. ಕಾರ್ ಅತ್ತಿ, ಅಲ್ಲಿಂದ ನಡ್ಕಂಡ್ ಬರೋರಂತೆ."

ಆತ ಒಲ್ಲೆ ಎನ್ನಬಹುದಿತ್ತು. ಚೀಲ ಒಳಗೆಸೆದು ಮುಂದಿನ ಸೀಟಿನಲ್ಲೇ ಕೂತ. ಕಾರು ಸ್ಟಾರ್ಟ್ ಆಗಲಿಲ್ಲ. ಸಮಿತಿಯವರೇ ಪಂಚೆ ಎತ್ತಿ ಕಟ್ಟಿ ತಳ್ಳಿದರು.

ಆಮೇಲೆ ವಾಲಗದೊಂದಿಗೆ ಕಮಾನಿನ ಕೆಳಗೆ ನಡೆದು ಬಂದು, ಹಾರ ಹಾಕಿಸಿಕೊಂಡು ಭಾಷಣಕ್ಕೆ ನಿಂತ. ಹೊರಟ ದಿನದಿಂದ ಗಾಲಿಯಿರುವ ಯಾವುದನ್ನೂ ಹತ್ತಿಲ್ಲ ಎಂದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಕಾರು ತಳ್ಳಿದವರೇ. ಅವರ ಅಂಗೈಗೆ ಮೆತ್ತಿದ್ದ ಕಾರಿನ ಧೂಳು ಆ ಚಪ್ಪಾಳೆಗೇ ಉದುರಿತು.