ಎದುರುಮನೆ ಅಕ್ಕ ತೋರಿಸಿದ ಸಿನಿಮಾ

ಏಲಕ್ಕಿಯ ವಾಸನೆ ಎಂದರೆ ಎಲ್ಲರಿಗೂ ಪಾಯಸ ನೆನಪಾಗುತ್ತದೆ. ನನಗೆ ನಮ್ಮ ಹಳೆಯ ಎದುರುಮನೆ ನೆನಪಾಗುತ್ತದೆ. ಮೊನ್ನೆ ಗುಬ್ಬಿಯಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಆ ವಾಸನೆ ಬಂತು, ಅದರ ಅಡಿಯಲ್ಲಿ ಇನ್ನೊಂದು ವಾಸನೆಯೂ. ತಿರುಗಿದರೆ ಅವರೇ, ಗುಬ್ಬಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕನ ಗಂಡ. ಹಣ್ಣು ಹಣ್ಣು ಮುದುಕರಾಗಿದ್ದಾರೆ. ಕುಡಿದು ಏಲಕ್ಕಿ ಜಗಿಯುವವರಿಗೆ ನಾವೆಲ್ಲ ಮೂಗಿಲ್ಲದವರು ಎಂಬ ನಂಬಿಕೆ ಇನ್ನೂ ಹೋಗಿಲ್ಲ.

ಅಕ್ಕ ಕುಣಿಗಲ್ ಕಡೆಯವಳು. ನಾನು ಮದುವೆಯಾಗಿ ಗುಬ್ಬಿಗೆ ಬಂದ ಹೊಸದರಲ್ಲಿ ಮಾತಿಗೆ ಸಿಕ್ಕವಳು ಅವಳೊಬ್ಬಳೇ. ಗಂಡ ಒಳ್ಳೆಯ ಮನುಷ್ಯ. ಬೆಳಿಗ್ಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಆಫೀಸಿಗೆ ಹೋಗುವವರು. ಸಂಜೆ ಮನೆಗೆ ಬರುವವರು ಬೇರೆ ಯಾರೋ... ಹರಕೆ, ಮಠದ ಸ್ವಾಮಿಗಳ ಮುಂದೆ ಆಣೆ, ನಾಟಿ ಔಷಧಿ, ಯಾವುದನ್ನೂ ಅಕ್ಕ ಬಿಟ್ಟಿರಲಿಲ್ಲ. ಉಳಿದಿದ್ದು ಒಂದು ಹಳೆಯ ಕಪ್ಪು ಬಿಳುಪು ಸಿನಿಮಾ. ಅವಳ ಸೋದರಮಾವ ಕುಣಿಗಲ್ಲಿನ ಟೆಂಟಿನಲ್ಲಿ ಅದನ್ನು ನೋಡಿ, ಮಾರನೆಯ ದಿನದಿಂದ ಗ್ಲಾಸು ಮುಟ್ಟಲಿಲ್ಲವಂತೆ.

ಅದು ತುಮಕೂರಿನ ಥಿಯೇಟರಿಗೆ ಬೆಳಗಿನ ಆಟಕ್ಕೆ ಬಂದಾಗ ಅಕ್ಕ ಗಂಡನನ್ನು ಎಳೆದುಕೊಂಡು ಹೋದಳು. ಇಂಟರ್‌ವಲ್‌ನಲ್ಲಿ ಎದ್ದು ಹೋದವರು ವಾಪಸ್ ಬರಲಿಲ್ಲ. ಮರುದಿನವೂ ಹಾಗೇ.

“ಎಲ್ಲಾ ಇರೋದು ಆಮೇಲೇ ಕಣೇ. ಒಂದ್ಸಲ ಕೊನೇವರ್ಗೂ ನೋಡ್ಬುಟ್ರೆ ಸಾಕು, ಬಿಟ್ಬುಡ್ತಾರೆ,” ಎಂದು ಅಕ್ಕ ನನ್ನ ಕೈ ಹಿಡಿದುಕೊಂಡಳು.

ಮುಂದಿನ ಸಲ ನಾನೂ ಹೋದೆ. ಅವರನ್ನು ಗೋಡೆಯ ಬದಿಗೆ ಕೂರಿಸಿ, ಪಕ್ಕದಲ್ಲಿ ಅಕ್ಕ, ಅವಳ ಪಕ್ಕ ನಾನು ಕೂತೆವು. ಇಂಟರ್‌ವಲ್‌ನಲ್ಲಿ ನಾವಿಬ್ಬರೂ ಕಾಲು ಸರಿಸಿ ಅವರಿಗೆ ದಾರಿ ಬಿಡಲಿಲ್ಲ.

ಎಂಥ ಸಿನಿಮಾ ಅದು... ನಾಯಕ ಕುಡಿದು ತೂರಾಡುವುದೇ ಇಲ್ಲ. ಮನೆಗೆ ಬಂದವನು ಬಾಗಿಲು ತಟ್ಟುವ ಮೊದಲು, ನಾಲಿಗೆ ತೊದಲಬಾರದೆಂದು ಹೆಂಡತಿಯ ಹೆಸರನ್ನು ಮೆಲ್ಲಗೆ ಹೇಳಿ ಹೇಳಿ ಅಭ್ಯಾಸ ಮಾಡುತ್ತಾನೆ. ಥಿಯೇಟರಿನಲ್ಲಿ ನಗುವವರೂ ಇದ್ದರು. ಕೊನೆಗೆ ಒಂದು ದಿನ ಕುಡಿಯದೆ ಬಂದು, ಸ್ಪಷ್ಟವಾಗಿ, ಪ್ರೀತಿಯಿಂದ ಹೆಸರು ಕೂಗುತ್ತಾನೆ. ಒಳಗೆ ಹೆಂಡತಿ ಸತ್ತಿದ್ದಾಳೆ. ಅವನು ಕೂಗುತ್ತಲೇ ಇರುತ್ತಾನೆ; ಹಿನ್ನೆಲೆಯಲ್ಲಿ ಸಂಗೀತ ಕೂಡ ಇಲ್ಲ.

ಅಕ್ಕನ ಗಂಡ ಬಿಕ್ಕಿ ಬಿಕ್ಕಿ ಅತ್ತರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಕ್ಕನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡೇ ಇರಲಿಲ್ಲ. ಅಷ್ಟು ಜನರ ಎದುರಿಗೇ ಸೆರಗಿನಿಂದ ಗಂಡನ ಕಣ್ಣು ಒರೆಸಿದಳು.

ಹೊರಗೆ ಬಂದ ಮೇಲೆ ಅವರು, “ಏನ್ ಆ್ಯಕ್ಟಿಂಗು ಕಣಮ್ಮ... ಎದೆ ಭಾರ ಆಗೋಯ್ತು. ನೀವು ಬಸ್‌ಸ್ಟ್ಯಾಂಡ್ ಕಡೆ ನಡೀತಿರಿ, ಬಂದ್ಬುಟ್ಟೆ,” ಎಂದು ರಸ್ತೆ ದಾಟಿದರು. ಎದುರಿಗೆ ಬಾರ್ ಇತ್ತು. ಅಕ್ಕ ತಡೆಯಲಿಲ್ಲ. ನಾವಿಬ್ಬರೇ ಗುಬ್ಬಿ ಬಸ್ಸು ಹತ್ತಿದೆವು. ನನಗೆ ಸಿನಿಮಾ ಮಾಡಿದವರ ಮೇಲೇ ಸಿಟ್ಟು ಬಂದಿತ್ತು. ಅಷ್ಟು ಚೆನ್ನಾಗಿ ಯಾಕೆ ಮಾಡಬೇಕಿತ್ತು...

ಆಮೇಲೆ ಅಕ್ಕ ಯಾವ ಹರಕೆಯನ್ನೂ ಹೊರಲಿಲ್ಲ. ತನಗಿದ್ದ ಹೊಟ್ಟೆನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈ ಮೀರಿತ್ತು. ಅವಳನ್ನು ಮಣ್ಣು ಮಾಡಿದ ದಿನವೂ ಅವರು ಕುಡಿದೇ ಬಂದಿದ್ದರು.

ಮೊನ್ನೆ ಬಸ್ಸಿನಲ್ಲಿ ಅವರು ನನ್ನ ಗುರುತು ಹಿಡಿದು ಮಕ್ಕಳ ವಿಚಾರ ಕೇಳಿದರು. ಆಮೇಲೆ ಮುಂದಕ್ಕೆ ಬಾಗಿ, “ಭಾನುವಾರ ಟಿವೀಲಿ ಆ ಪಿಕ್ಚರ್ ಹಾಕಿದ್ರು, ನೋಡಿದ್ಯೇನಮ್ಮ? ನಾನು ಪೂರ್ತಿ ನೋಡ್ದೆ. ನಿಮ್ಮಕ್ಕಂಗೆ ಅದು ಅಂದ್ರೆ ಭಾಳ ಇಷ್ಟ. ಎಷ್ಟು ಸಲ ಕರ್ಕೊಂಡೋಗಿದ್ಲು ನನ್ನ,” ಎಂದರು. ಅವರ ಕಣ್ಣು ತುಂಬಿತ್ತು.

ಹೌದು, ಇಷ್ಟ ಎಂದೆ. ಯಾಕೆ ಕರೆದುಕೊಂಡು ಹೋಗುತ್ತಿದ್ದಳು ಎಂದು ಈಗ ಹೇಳಿ ಯಾರಿಗೆ ಏನಾಗಬೇಕು, ಅಕ್ಕನೇ ಇಲ್ಲ.